ನಾಗರತ್ನಾ ಓಣಿಗೆ ನೆಟ್ ಹಂಚಿದ್ದು

ಗುಡೂರಿನ ನೇಕಾರ ಓಣಿಗೆ ಇಂಟರ್ನೆಟ್ಟಿನ ವಾಯರು ಬಂದದ್ದು ನಾಗರತ್ನಾಳ ಮನೆಯ ಕಂಬದ ತನಕ ಮಾತ್ರ. ಅದರಾಚೆ ಎಳೆಯಲು ವಾಯರಿನವನಿಗೆ ಮನಸ್ಸಾಗಲಿಲ್ಲವೋ, ವಾಯರೇ ಮುಗಿಯಿತೋ, ಅಂತೂ ಏಣಿ ಹೆಗಲಿಗೇರಿಸಿ ಹೋದವನು ತಿರುಗಿ ಬರಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

ಓಣಿಯ ಮನೆಗಳೆಲ್ಲ ದಪ್ಪ ಕಲ್ಲಿನ ಗೋಡೆಯವು. ಹೊಸ್ತಿಲು ದಾಟಿ ಒಳಗೆ ಹೋದರೆ ಮೊಬೈಲಿನ ಸಿಗ್ನಲ್ ಗೆರೆಗಳು ಒಂದೊಂದಾಗಿ ಆರಿಹೋಗುತ್ತಿದ್ದವು. ಹೀಗಾಗಿ ಮಧ್ಯಾಹ್ನದ ಊಟ ಮುಗಿದದ್ದೇ ತಡ, ಹೆಂಗಸರು ಫೋನು, ಚಾರ್ಜರು ಹಿಡಿದು ನಾಗರತ್ನಾಳ ಪಡಸಾಲೆಗೆ ಬರುತ್ತಿದ್ದರು. ಪಕ್ಕದ ಮನೆಯ ಅಂಬವ್ವ, ನೆಟ್ ಎಂಬುದು ಮೇಲಿನಿಂದ ತೊಟ್ಟಿಕ್ಕುತ್ತದೆ ಎಂಬಂತೆ, ಗೋಡೆಯ ಬಿಳಿ ಡಬ್ಬಿಯ ನೇರ ಕೆಳಗೇ ಕೂರುತ್ತಿದ್ದಳು. ಎದುರು ಮನೆಯ ಆಫ್ರೀನ ಹೊಸ ಹೊಸ ಬ್ಲೌಸಿನ ಕಟಿಂಗ್ ನೋಡುತ್ತಿದ್ದಳು. ಓಣಿಯ ತುದಿಯ ಮುದುಕಿ ಲಗಮವ್ವ, ಬೀರಪ್ಪನ ಡೊಳ್ಳಿನ ಪದ ಹಚ್ಚಿಸಿಕೊಂಡು, ಫೋನನ್ನು ಕಿವಿಯಡಿ ಇಟ್ಟುಕೊಂಡು ನಿದ್ದೆ ಹೋಗುತ್ತಿದ್ದಳು. ಯಾರೂ ಗಲಾಟೆ ಮಾಡುತ್ತಿರಲಿಲ್ಲ, ಸುಳ್ಳು ಹೇಳಬಾರದು. ಆದರೂ ಮನೆ ಮನೆಯಂತಿರುತ್ತಿರಲಿಲ್ಲ, ದವಾಖಾನೆಯ ಹೊರಗಿನ ಬೆಂಚಿನಂತಿರುತ್ತಿತ್ತು.

ನಾಗರತ್ನಾಳಿಗೆ ನಲವತ್ತಾರು ವರ್ಷ. ಇಳಕಲ್ಲಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾದರೂ ಹಗಲು ಹೊತ್ತಿನಲ್ಲಿ ಈ ಮನೆಯಲ್ಲಿ ಅವಳು ಒಬ್ಬಳೇ ಇದ್ದದ್ದು ಒಂದು ದಿನವೂ ಇಲ್ಲ. ಅವಳ ಆಸೆ ದೊಡ್ಡದೇನಲ್ಲ. ಒಂದು ಮಧ್ಯಾಹ್ನ, ಒಂದೇ ಒಂದು, ಬಾಗಿಲು ಹಾಕಿಕೊಂಡು ಕಾಲು ಚಾಚಿ ಮಲಗಬೇಕು. ಓದಬಾರದು, ಹೊಲಿಯಬಾರದು, ಕಾಳು ಆರಿಸಬಾರದು. ಯಾರೂ ಅವಳ ಹೆಸರು ಹಿಡಿದು ಕರೆಯಬಾರದು. ಈ ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮೈಯಲ್ಲಿ ಆರಾಮಿಲ್ಲವೇ ಎಂದು ಕೇಳುತ್ತಾರೆಂದು ಗೊತ್ತಿತ್ತು.

ಬಾಗಿಲು ಹಾಕಿಕೊಳ್ಳುವುದೂ ಸುಲಭವಿರಲಿಲ್ಲ. ಆ ಓಣಿಯಲ್ಲಿ ಹಗಲು ಬಾಗಿಲು ಮುಚ್ಚಿತೆಂದರೆ ಒಳಗೆ ಜಡ್ಡು ಇರಬೇಕು, ಇಲ್ಲವೇ ಜಗಳ ಇರಬೇಕು. ಎರಡಕ್ಕೂ ಜನ ಓಡಿ ಬರುತ್ತಾರೆ.

ಅಂಥದರಲ್ಲಿ ಆ ಎರಡನೆಯ ಶನಿವಾರ ಕೂಡಿಬಂತು. ಗಂಡ ವೀರೇಶ ತನ್ನ ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಚೊಳಚಗುಡ್ಡಕ್ಕೆ ಹೊರಟ. ಬನಶಂಕರಿಯ ದರ್ಶನ ಮುಗಿಸಿ, ಬಾದಾಮಿಯಲ್ಲಿ ತಂಗಿಯ ಮನೆಯಲ್ಲಿ ಉಂಡು, ಸಂಜೆ ಆರೂವರೆಗೆ ಊರು ಮುಟ್ಟುವ ಬಸ್ಸಿಗೆ ವಾಪಸು. ತನಗೆ ಕಾಲೇಜಿನ ಕೆಲಸವಿದೆ ಎಂದು ನಾಗರತ್ನಾ ಉಳಿದುಕೊಂಡಳು. ಉಳಿದದ್ದು ಓಣಿಯ ಪ್ರಶ್ನೆ. ಅದಕ್ಕೂ ಅವಳು ತಿಂಗಳಿನಿಂದ ಉಪಾಯ ಹುಡುಕಿಟ್ಟಿದ್ದಳು. ಜನ ನೆಟ್ಟಿನ ಹತ್ತಿರ ಬರುವುದನ್ನು ತಪ್ಪಿಸಲಾಗದಿದ್ದರೆ, ನೆಟ್ಟನ್ನೇ ಜನರ ಹತ್ತಿರ ಕಳಿಸಿದರಾಯಿತು.

ಕಾಲೇಜಿನವರು ಮೂಲೆಗೆ ಬಿಸಾಕಿದ್ದ ಆರು ಹಳೆಯ ವೈಫೈ ಡಬ್ಬಿಗಳನ್ನು ಪ್ರಿನ್ಸಿಪಾಲರನ್ನು ಕೇಳಿಯೇ ಮನೆಗೆ ತಂದಿದ್ದಳು. ಅವುಗಳೊಳಗಿನ ಹಳೆಯ ತಂತ್ರಾಂಶ ಕಿತ್ತು ಹೊಸದನ್ನು ತುಂಬಿದರೆ ಒಂದು ಡಬ್ಬಿ ಪಕ್ಕದ ಡಬ್ಬಿಯೊಡನೆ ಮಾತಾಡುತ್ತದೆ, ಅದು ಮುಂದಿನದರೊಡನೆ. ಹೀಗೆ ವಾಯರಿಲ್ಲದೆಯೇ ನೆಟ್ ಮನೆಯಿಂದ ಮನೆಗೆ ದಾಟುತ್ತ ಹೋಗುತ್ತದೆ. ಇದಕ್ಕೆ ಮೆಶ್ ಎಂದು ಹೆಸರು. ಪ್ರತಿ ವರ್ಷ ಯಾವುದಾದರೊಂದು ಹುಡುಗರ ಗುಂಪು ಇದನ್ನೇ ಪ್ರಾಜೆಕ್ಟ್ ಮಾಡುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ನಡೆಯುವ ಹಾಗೆ ಮಾಡಿಕೊಡುತ್ತಿದ್ದವಳು ನಾಗರತ್ನಾ. ವರದಿಯ ಕೊನೆಯ ಪುಟದಲ್ಲಿ ‘ಲ್ಯಾಬ್ ಸಿಬ್ಬಂದಿಗೂ ಧನ್ಯವಾದಗಳು’ ಎಂದು ಇರುತ್ತಿತ್ತು. ಅವಳದೇನೂ ದೂರಿರಲಿಲ್ಲ, ಆ ಸಾಲನ್ನು ಮಾತ್ರ ಪ್ರತಿ ಸಲವೂ ಹುಡುಕಿ ಓದುತ್ತಿದ್ದಳು.

ಬೆಳಿಗ್ಗೆ ಆರಕ್ಕೆ ಮನೆಯವರು ಬಸ್ಸು ಹತ್ತಿದರು. ಆರೂಕಾಲಿಗೆ ಅವಳು ಲ್ಯಾಪ್‌ಟಾಪು ತೆರೆದಳು. ಸಾವಿರಾರು ಸಣ್ಣ ಕಡತಗಳನ್ನು ಅರೆದು, ಆ ಡಬ್ಬಿಯ ಚಿಪ್‌ಗೆ ಒಗ್ಗುವ ಹಾಗೆ ಒಂದೇ ಉಂಡೆ ಕಟ್ಟಬೇಕು. ಕಂಪೈಲ್ ಎನ್ನುವುದು ಇದಕ್ಕೇ. ಲ್ಯಾಪ್‌ಟಾಪು ಹಳೆಯದು, ಎರಡು ತಾಸು ಬೇಕು. ಬ್ಯಾಟರಿ ಉಬ್ಬಿತೆಂದು ಹೋದ ವರ್ಷವೇ ತೆಗೆಸಿದ್ದಳು. ಕರೆಂಟಿನ ವಾಯರೇ ಅದರ ಜೀವ.

ಏಳೂವರೆಗೆ ಅಂಬವ್ವ ಬಂದಳು.

“ಇದೇನ ನಾಗರತ್ನಾ, ಇರಿವಿ ಸಾಲ ಹೊಂಟಂಗ ಹೊಂಟೈತಲ್ಲ!”

“ನೆಟ್ಟಿನ ಅಡಗಿ ಚಿಗವ್ವಾ, ಒಲಿ ಮ್ಯಾಲ ಇಟ್ಟೇನಿ. ಮುಟ್ಟಬ್ಯಾಡ್ರಿ ಅಷ್ಟ.”

“ನಾ ಯಾಕ ಮುಟ್ಲೆವಾ?”

ನಾಗರತ್ನಾ ರೊಟ್ಟಿ ತಿರುವಿ ಹಾಕಲು ಒಳಗೆ ಹೋದಳು. ಬಂದು ನೋಡಿದರೆ ಲ್ಯಾಪ್‌ಟಾಪಿನ ಪರದೆ ರೊಟ್ಟಿಯ ಹಂಚಿನಂತೆ ಕರ್ರಗಿತ್ತು. ಗೋಡೆಯ ಸಾಕೆಟ್ಟಿನಲ್ಲಿ ಅಂಬವ್ವನ ಚಾರ್ಜರು ನೇತಾಡುತ್ತಿತ್ತು.

“ನನ್ನ ಫೋನ ಎರಡ ಪರ್ಸೆಂಟಿಗಿ ಬಂದಿತ್ತವಾ. ಇಷ್ಟ ದೊಡ್ಡ ಮಿಷನ್ನದಾಗ ಒಂದೀಟ ಕರೆಂಟ ಉಳಿದಿರೂದಿಲ್ಲೇನ ಅಂತ ತಗದೇನಿ.”

“ಒಲಿ ಆರಸಿದ್ರಲ್ಲ ಚಿಗವ್ವಾ!”

“ಆರಿದ್ರ ಮತ್ತ ಹಚ್ಚು. ಅದರಾಗೇನೈತಿ?”

ಅದರಲ್ಲಿ ಇದ್ದದ್ದು ಮುಕ್ಕಾಲು ಪಾಲು ಬೆಂದ ಅಡುಗೆ. ಅರ್ಧ ಬರೆದ ಕಡತವೊಂದು ಕೆಟ್ಟು ಕೂತು, ಮೊದಲಿನಿಂದಲೇ ಹಚ್ಚಬೇಕಾಯಿತು. ಈ ಸಲ ಅವಳು ಲ್ಯಾಪ್‌ಟಾಪಿನ ಮುಂದೆಯೇ ತಟ್ಟೆ ಇಟ್ಟುಕೊಂಡು ಉಂಡಳು, ಹಸುಗೂಸನ್ನು ಕಾದ ಹಾಗೆ ಕಾದಳು. ಎರಡು ತಾಸಿನ ಕೊನೆಗೆ ಪರದೆ ಹೇಳಿತು: ಉಂಡೆ ದೊಡ್ಡದಾಯಿತು, ಡಬ್ಬಿಯಲ್ಲಿ ಹಿಡಿಸುವುದಿಲ್ಲ.

ಹಾಸ್ಟೆಲಿಗೆ ಹೋಗುವ ಮಗಳ ಚೀಲದಿಂದ ಒಂದೊಂದೇ ಸಾಮಾನು ತೆಗೆಯುವ ತಾಯಿಯಂತೆ ಅವಳು ಪಟ್ಟಿ ಹಿಡಿದು ಕೂತಳು. ಪ್ರಿಂಟರ್ ಬೇಡ, ಬಣ್ಣಬಣ್ಣದ ಸೆಟಿಂಗ್ ಪುಟ ಬೇಡ, ಇದೇನಿದು, ಯಾವನು ಹಾಕಿದ್ದು, ಇದೂ ಬೇಡ. ಹತ್ತೂವರೆಗೆ ಉಂಡೆ ಡಬ್ಬಿಯಲ್ಲಿ ಸರಿಯಾಗಿ ಕೂತಿತು. ಅಷ್ಟರಲ್ಲಿ ಆಫ್ರೀನ, ಲಗಮವ್ವ ಕೂಡ ಬಂದು ಸೇರಿದ್ದರು.

ಡಬ್ಬಿಗೆ ತುಂಬುವುದು ಬೇರೆಯೇ ಕಸರತ್ತು. ಹಿಂದಿನ ಸಣ್ಣ ತೂತಿನಲ್ಲಿ ಪಿನ್ನು ಒತ್ತಿ ಹಿಡಿದು, ಕರೆಂಟು ಕೊಟ್ಟು, ದೀಪ ಬೇಗಬೇಗ ಮಿಟುಕತೊಡಗಿದಾಗ ಪಿನ್ನು ಬಿಡಬೇಕು. ಆಮೇಲೆ ಮೂರು ನಿಮಿಷ ಅದನ್ನು ಯಾರೂ ಅಲುಗಿಸಬಾರದು. ಅಲುಗಿಸಿದರೆ ಡಬ್ಬಿಯೂ ಒಂದೇ, ಇಟ್ಟಿಗೆಯೂ ಒಂದೇ. ನಾಗರತ್ನಾ ಅಂಬವ್ವನ ಎರಡೂ ಕೈಗೆ ಒಂದೊಂದು ಚಹಾದ ಬಟ್ಟಲು ಕೊಟ್ಟು ಕೂರಿಸಿದಳು.

“ಅಕ್ಕಾ, ನಡುವಿನ ಮನೀದು ಬಂದ್ ಆದ್ರ ಮುಂದಿನವ್ರಿಗೆ ಹೆಂಗ?” ಆಫ್ರೀನ ಕೇಳಿದಳು.

“ಬಾಜೂದ್ದನ್ನ ಹಿಡಕೊಂಡ ಹೊಕ್ಕೈತಿ. ಒಂದ ಹೋದ್ರ ಇನ್ನೊಂದು.”

“ಕೊಂಡಿ ಹಾಕಿದಂಗ ಅನ್ನು,” ಎಂದಳು ಅಂಬವ್ವ.

ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಅಂಬವ್ವನ ನಲವತ್ತು ವರ್ಷದ ಕೆಲಸ. ಹುಡುಗರಿಗೆ ಮೂರು ವಾರ ಬೋರ್ಡಿನ ಮೇಲೆ ಬಾಣ ಎಳೆದು ತಿಳಿಸುತ್ತಿದ್ದುದನ್ನು ಅವಳು ಎರಡು ಶಬ್ದದಲ್ಲಿ ಹೇಳಿಬಿಟ್ಟಳು. ನಾಗರತ್ನಾಳ ಸಿಟ್ಟೆಲ್ಲ ಇಳಿದು, ಅವಳು ಮೂರನೆಯ ಬಟ್ಟಲು ಚಹಾ ಬಗ್ಗಿಸಿದಳು.

ಹನ್ನೊಂದೂವರೆಗೆ ಹೊರಟಳು. ಆರು ಮನೆ, ಆರು ಡಬ್ಬಿ. ಪ್ರತಿ ಮನೆಯಲ್ಲೂ ಓಣಿಯ ಕಡೆಯ ಕಿಡಕಿಯಲ್ಲಿ ಡಬ್ಬಿ ಇಟ್ಟು, ಪ್ಲಗ್ಗು ಚುಚ್ಚಿ, “ಹಿಂಗ ಇರಲಿ, ಮುಟ್ಟಬ್ಯಾಡ್ರಿ” ಎಂದಳು. ಪ್ರತಿ ಮನೆಯಲ್ಲೂ ಚಹಾ ಕುಡಿದಳು. ಬೇಡವೆಂದರೆ ನಮ್ಮ ಮನೆಯದೇಕೆ ಬೇಡ ಎಂಬ ಪ್ರಶ್ನೆ ಬರುತ್ತದೆ. ಹೊಟ್ಟೆಯೊಳಗೆ ಕೊಡ ತುಳುಕಿದಂತಾಗಿ ಒಂದು ಗಂಟೆಗೆ ಮನೆಗೆ ಬಂದು ಲ್ಯಾಪ್‌ಟಾಪು ನೋಡಿದಳು. ಡಬ್ಬಿಗೊಂದರಂತೆ ಪರದೆಯ ಮೇಲೆ ಚುಕ್ಕೆ ಹೊತ್ತಬೇಕಿತ್ತು, ಆರರಲ್ಲಿ ಮೂರರ ಪತ್ತೆಯೇ ಇಲ್ಲ.

ಮತ್ತೆ ಹೊರಟಳು.

ಅಂಬವ್ವನ ಕಿಡಕಿ ಖಾಲಿ. ಡಬ್ಬಿ ದೇವರ ಮನೆಯ ಗೂಡಿನಲ್ಲಿ, ಬನಶಂಕರಿಯ ಪಟದ ಕೆಳಗೆ, ಅರಿಷಿಣ ಕುಂಕುಮ ಹಚ್ಚಿಕೊಂಡು ಕೂತಿತ್ತು. ಗಾಳಿಯಾಡುವ ತೂತುಗಳಿಗೆಲ್ಲ ಚೆಂಡುಹೂವಿನ ಎಸಳು ತುಂಬಿದ್ದವು.

“ಹೊಸಾ ಸಾಮಾನ ಮನಿಗಿ ಬಂದ್ರ ಮದಲ ದೇವರ ಮುಂದ ಇಡಬೇಕಲ್ಲವಾ?”

“ಖರೆ ಚಿಗವ್ವಾ. ಆದ್ರ ಆ ಗ್ವಾಡಿ ದಾಟಿ ನೆಟ್ ಹೊರಗ ಬರೂದಿಲ್ಲ. ಕಿಡಕಿಗೆ ಇಡೂನು.”

“ದೇವರ ಮುಂದಿಂದ ಸಂಜಿಮುಂದ ದೀಪಾ ಹಚ್ಚೂತನಕ ತಗಿಯಾಕ ಬರೂದಿಲ್ಲ.”

ಸಂಜೆಗೆ ಬಸ್ಸೇ ಬಂದುಬಿಡುತ್ತದೆ. ನಾಗರತ್ನಾ ಪಟವನ್ನೂ ಕಿಡಕಿಯನ್ನೂ ನೋಡಿ ಮೆಲ್ಲಗೆ ಕೇಳಿದಳು, “ದೇವರನ್ನ ಕಿಡಕಿಗೆ ತರಾಕ ಬರತೈತಿಲ್ರಿ?”

ಅದಕ್ಕೆ ಅಡ್ಡಿಯಿರಲಿಲ್ಲ. ಬನಶಂಕರಿಯ ಪಟ, ಅದರ ಮುಂದೆ ಡಬ್ಬಿ, ಎರಡೂ ಮೆರವಣಿಗೆಯಲ್ಲಿ ಕಿಡಕಿಗೆ ಬಂದವು. ಓಣಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು.

ಲಗಮವ್ವನ ಮನೆಯಲ್ಲಿ ಡಬ್ಬಿ ಕಿಡಕಿಯಲ್ಲೇ ಇತ್ತು. ಆದರೆ ಅದರ ಮೇಲೆ ದೊಡ್ಡ ಸ್ಟೀಲಿನ ಬೋಗುಣಿ ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿದ್ದಳು.

“ಕುರಿಮರಿ ಅದಾವವಾ ಮನ್ಯಾಗ. ವಾಯರ ಕಂಡ್ರ ಬಿಡೂದಿಲ್ಲ, ಹುಲ್ಲ ತಿಂದಂಗ ತಿಂತಾವ.”

“ಬೋಗುಣಿ ಮುಚ್ಚಿದ್ರ ಅದಕ್ಕ ಉಸರ ಕಟ್ಟತೈತಿ ಆಯಿ.”

“ಉಸರ ಆಡತೈತೇನ ಅದು?” ಮುದುಕಿಗೆ ಗಾಬರಿಯಾಯಿತು. “ಮದಲ ಹೇಳಬಾರದೇನ! ತಾಸಾತಲ್ಲ ಮುಚ್ಚಿ!” ಓಡಿ ಹೋಗಿ ಮರಿ ಮುಚ್ಚುವ ಬಿದಿರಿನ ಬುಟ್ಟಿ ತಂದಳು. ಡಬ್ಬಿ ಅದರೊಳಗೆ ಕೂತು ಹಸಿರು ದೀಪ ಮಿಟುಕಿಸಿತು. ಲಗಮವ್ವ ಒಂದು ಹಿಡಿ ಹುಲ್ಲು ಹಾಕುವುದೊಂದು ಬಾಕಿ.

ಮೂರನೆಯದು ಆಫ್ರೀನಳ ಮನೆ. ಅಲ್ಲಿ ಡಬ್ಬಿಗೆ ಯಾರೂ ಏನೂ ಮಾಡಿರಲಿಲ್ಲ. ಅವಳ ಮಾವ ಹುಸೇನಸಾಬ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಜಗುಲಿಯಲ್ಲಿ ಕೂತಿದ್ದ.

“ನೀನ ನೋಡವಾ ನಾಗರತ್ನಾ, ಮನ್ಯಾಗ ನರಪಿಳ್ಳಿ ಇರಲಿಲ್ಲ. ಅದು ಒಂದಸವನ ಕಣ್ಣ ಹೊಡ್ಯಾಕತ್ತಿತ್ತು. ಯಾರಿಗಂತ ತಿಳೀಲಿಲ್ಲ. ಬೆಂಕಿ ಗಿಂಕಿ ಹತ್ತೀತು ಅಂತ ಬಂದ್ ಮಾಡಿದ್ಯಾ.”

“ಬಾಜೂ ಡಬ್ಬಿ ಕೂಡ ಮಾತಾಡಾಕತ್ತಿತ್ರಿ ಹುಸೇನಸಾಬ್ರ. ನಿಮ್ಮ ಮನಿ ಓಣಿ ನಡುವ ಐತಿ. ನಿಮ್ಮದ ಎಲ್ಲಾಕಿಂತ ದೊಡ್ಡ ಕೆಲಸ.”

“ಹಂಗಾರ ನಮ್ಮ ಮನಿ ಬಂದ್ ಆದ್ರ ಓಣಿನ ಬಂದ್ ಅನ್ನು!”

ಹಾಗೇನೂ ಇಲ್ಲ, ಹಾಗಾಗದಿರಲೆಂದೇ ಇಷ್ಟು ಗುದ್ದಾಡಿದ್ದು ಎಂದು ಹೇಳಬಹುದಿತ್ತು. ಆದರೆ ಹುಸೇನಸಾಬನ ಮುಖ ಹಿಗ್ಗಿದ್ದು ನೋಡಿ ನಾಗರತ್ನಾ ತಲೆಯಾಡಿಸಿದಳು. ಅವನು ಮೇನ್ ಹಾಕಿ, ಖುರ್ಚಿ ಎಳೆದುಕೊಂಡು ಡಬ್ಬಿಯ ಪಕ್ಕ ಪೊಲೀಸಿನವನಂತೆ ಕೂತ.

ತಿರುಗಿ ಬರುವಾಗ ಓಣಿಯ ಬಾಯಿಯಲ್ಲಿರುವ ಅಬ್ದುಲಸಾಬನ ಚಹಾದ ಹೋಟೆಲು. ಮಧ್ಯಾಹ್ನ ಮಗ್ಗ ನಿಲ್ಲಿಸಿದ ಮೇಲೆ ಓಣಿಯ ಗಂಡಸರೆಲ್ಲ ಅಲ್ಲೇ. ಅಂಬವ್ವನ ಗಂಡ ಗುರಲಿಂಗಪ್ಪ ಬೆಂಚಿನ ತುದಿಯಿಂದ ಕೂಗಿದ.

“ಏನ ನಾಗರತ್ನಾ, ಮುಂಜಾನಿಂದ ಮನಿಮನಿ ತಿರಗಾಕತ್ತೀ, ಜನಗಣತಿ ಕೊಟ್ಟಾರೇನ?”

“ನೆಟ್ ರೀ ಕಾಕಾ. ಎಲ್ಲಾರ ಮನಿಗೂ.”

“ಹೌದಾ? ಮ್ಯಾಚ್ ಬರತೈತೇನ ಅದರಾಗ?”

ಬಿಸಿಲಲ್ಲಿ ಬೆಂದು ಬಂದಿದ್ದ ನಾಗರತ್ನಾಳಿಗೆ ಅಷ್ಟು ಹೊತ್ತಿಗೆ ಒಬ್ಬರಾದರೂ ಕೇಳಿದರಲ್ಲ ಎನಿಸಿತು. ಸೆರಗು ಸರಿಮಾಡಿಕೊಂಡು ಹೇಳಿದಳು. “ಮ್ಯಾಚ್ ಅಷ್ಟ ಅಲ್ರಿ ಕಾಕಾ, ಲೋಕಾನ ಬರತೈತಿ. ಹಾಸಿಗಿ ಮ್ಯಾಲ ಮಲಕೊಂಡ ನೋಡ್ರಿ.”

ಬೆಂಚಿನ ಮೇಲಿನ ಹತ್ತು ತಲೆಗಳು ಒಮ್ಮೆಲೇ ಅವಳ ಕಡೆ ತಿರುಗಿದವು. ಹುಡುಗರ ಪ್ರಾಜೆಕ್ಟಿಗೆ ಹೊರಗಿನಿಂದ ಬಂದ ಪರೀಕ್ಷಕರೂ ಹಾಗೆ ನೋಡಿರಲಿಲ್ಲ. ಅವಳು ಹೆಜ್ಜೆ ಹಗುರಾಗಿ ಮನೆಗೆ ನಡೆದಳು.

ಮೂರಕ್ಕೆ ಹತ್ತು ನಿಮಿಷವಿರುವಾಗ ಲ್ಯಾಪ್‌ಟಾಪಿನಲ್ಲಿ ಆರನೆಯ ಚುಕ್ಕೆಯೂ ಹೊತ್ತಿಕೊಂಡಿತು. ಚುಕ್ಕೆಯಿಂದ ಚುಕ್ಕೆಗೆ, ಮನೆಯಿಂದ ಮನೆಗೆ, ಓಣಿಯ ಉದ್ದಕ್ಕೂ ಕೊಂಡಿ ಕೂಡಿತ್ತು. ನಾಗರತ್ನಾ ಅದನ್ನು ಎರಡು ನಿಮಿಷ ಸುಮ್ಮನೆ ನೋಡಿದಳು. ಇದಕ್ಕೆ ವರದಿ ಇರಲಿಲ್ಲ, ಕೊನೆಯ ಪುಟವೂ ಇರಲಿಲ್ಲ. ಹುಡುಕಿ ಓದಬೇಕಾದ ಸಾಲು ಇಲ್ಲವೆಂಬುದೇ ಒಂದು ಹಿತವಾಗಿತ್ತು.

ಪಡಸಾಲೆ ಖಾಲಿ. ಬಾಗಿಲಿಗೆ ಹೋಗಿ ಇಣುಕಿದಳು. ಓಣಿಯಲ್ಲಿ ಒಂದು ಹುಳುವಿಲ್ಲ. ಕಟ್ಟೆಗಳು ಖಾಲಿ. ಎಲ್ಲರೂ ತಂತಮ್ಮ ಮನೆಯೊಳಗೆ. ಅವಳು ಕದ ಮುಚ್ಚಿದಳು, ಚಿಲಕ ಹಾಕಿದಳು, ಚಿಲಕದ ಸಪ್ಪಳಕ್ಕೆ ತಾನೇ ಬೆಚ್ಚಿದಳು. ಕಾಯ್ದು ನೋಡಿದಳು. ಯಾರೂ ಓಡಿ ಬರಲಿಲ್ಲ.

ತಣ್ಣನೆ ಕೆಂಪು ಕಲ್ಲಿನ ನೆಲಕ್ಕೆ ಬೆನ್ನು ತಾಗಿಸಿದಾಗ ಅವಳಿಗೆ ತನ್ನ ಮನೆಗೆ ಇಷ್ಟು ದೊಡ್ಡ ತೊಲೆಗಳಿವೆ ಎಂಬುದು ಗೊತ್ತಾಯಿತು. ಇಪ್ಪತ್ನಾಲ್ಕು ವರ್ಷದಲ್ಲಿ ಮೇಲೆ ನೋಡಿದ್ದೇ ಇಲ್ಲ. ಎಣಿಸಿದಳು. ಒಂಬತ್ತು. ಒಂದಕ್ಕೆ ಯಾರೋ ಯಾವಾಗಲೋ ತೊಟ್ಟಿಲು ಕಟ್ಟಿದ ಕೊಕ್ಕೆ ಹಾಗೇ ಇತ್ತು. ಯಾರ ತೊಟ್ಟಿಲು ಎಂದು ಯೋಚಿಸಲೂ ಬೇಕಾಗಿರಲಿಲ್ಲ. ಕಣ್ಣುಗಳು ಮೆಲ್ಲಗೆ ಮುಚ್ಚಿದವು.

ಕದ ಬಡಿದ ಸಪ್ಪಳವಾಯಿತು.

“ನಾಗರತ್ನಾ! ಯವ್ವಾ, ಕದಾ ತಗಿ.”

ಗಡಿಯಾರದಲ್ಲಿ ಮೂರೂ ಮುಕ್ಕಾಲು. ಹೊರಗೆ ಅಂಬವ್ವ ನಿಂತಿದ್ದಳು. ಕೈ ಖಾಲಿ.

“ಯಾಕ ಚಿಗವ್ವಾ, ನೆಟ್ ಬಂದ್ ಆತೇನು?”

“ನೆಟ್ ಬಂಗಾರದಂಗ ಐತಿ. ನಿಮ್ಮ ಕಾಕಾ ಮನಿಗಿ ಬಂದಾರ.”

“ಆರಾಮ ಇಲ್ಲೇನ ಅವರಿಗೆ?”

“ಆರಾಮ ಅದಾರ. ಅದ ತ್ರಾಸ ಆಗೇತಿ ನನಗ,” ಎಂದು ಅಂಬವ್ವ ಒಳಗೆ ಬಂದು ಕೂತಳು. “ಮಲಕೊಂಡ ಮ್ಯಾಚ್ ನೋಡಬಹುದಂತ ಯಾರ ಹೇಳಿದ್ರೋ ಏನ, ಹೋಟೆಲ್‌ನಿಂದ ಎದ್ದ ಬಂದ, ನನ್ನ ಫೋನ ಕಸಗೊಂಡ, ಹಾಸಿಗಿ ಹಾಸಿಕೊಂಡ ಬಿದ್ದಾರ. ಅರ್ಧ ತಾಸಿನ್ಯಾಗ ಎರಡ ಸಲ ಚಾ. ಲಿಂಬಿಹುಳಿ ಉಪ್ಪಿನಕಾಯಿ ಎಲ್ಲೈತಿ ಅಂತಾರ, ಫ್ಯಾನ್ ತಿರಗಸು ಅಂತಾರ. ನಲವತ್ತ ವರ್ಷದಾಗ ಆ ಮನಷ್ಯಾನ್ನ ಮಧ್ಯಾಹ್ನದಾಗ ಮನ್ಯಾಗ ಕಂಡಾಕಿ ಅಲ್ಲ ನಾ! ಎಲ್ಲಿ ಕುಂದ್ರಬೇಕಂತ ತಿಳೀವಲ್ದು.”

ನಾಗರತ್ನಾ ಬಾಯಿ ತೆರೆಯುವಷ್ಟರಲ್ಲಿ ಆಫ್ರೀನ ಬಂದಳು. ಅವಳದೂ ಕೈ ಖಾಲಿ. ಗಂಡನೂ ಅವನ ಮೂವರು ದೋಸ್ತರೂ ಅವಳ ಹೊಲಿಗೆ ಮಿಷನ್ನಿಗೆ ಫೋನು ಆನಿಸಿಟ್ಟು ಮ್ಯಾಚು ನೋಡುತ್ತಿದ್ದರು. ಹಿಂದೆಯೇ ಲಗಮವ್ವ. ಅವಳ ಇಬ್ಬರು ಮಕ್ಕಳು ಡೊಳ್ಳಿನ ಪದ ಬಂದ್ ಮಾಡಿ ತಾಯಿಯ ಫೋನು ಒಯ್ದಿದ್ದರು. ಅವಳ ಹಿಂದೆ ಉಳಿದ ಮೂರು ಮನೆಯವರು. ನಾಲ್ಕೂಕಾಲರ ಹೊತ್ತಿಗೆ ಪಡಸಾಲೆ ತುಂಬಿತು.

ಮೊದಲೂ ತುಂಬುತ್ತಿತ್ತು, ಸರಿ. ಆದರೆ ಮೊದಲು ಎಲ್ಲರ ಕೈಯಲ್ಲೂ ಫೋನು ಇರುತ್ತಿತ್ತು, ಬಾಯಿ ಮುಚ್ಚಿರುತ್ತಿತ್ತು. ಈಗ ಕೈ ಖಾಲಿಯಾಗಿ ಬಾಯಿ ತೆರೆದಿತ್ತು. ಎರಡು ವರ್ಷದಿಂದ ಒಂದೇ ಗೋಡೆಗೆ ಒರಗಿ ಕೂತೂ ಆಡದೆ ಉಳಿದ ಮಾತೆಲ್ಲ ಅವತ್ತೇ ಹೊರಬಿತ್ತು. ಲಗಮವ್ವನ ಮೊಣಕಾಲು ನೋವು, ಆಫ್ರೀನಳ ನಾದಿನಿಯ ಗರ್ವ, ಅಂಬವ್ವನ ಮದುವೆಯಲ್ಲಿ ಬೂಂದಿ ಕಡಿಮೆ ಬಿದ್ದದ್ದು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು, ಅದರ ಮೇಲೆ ನಗು. ಪವರ್‌ಲೂಮಿನ ಶೆಡ್ಡಿನಲ್ಲಿ ಕೂತಂತಾಯಿತು ನಾಗರತ್ನಾಳಿಗೆ.

“ಹಂಗಾರ ಎಲ್ಲಾ ಡಬ್ಬಿ ತಗದ ಬಿಡ್ಲೇನ?” ಅವಳು ದನಿ ಎತ್ತಿ ಕೇಳಿದಳು.

ಆರೂ ಜನ ಒಟ್ಟಿಗೆ, “ಬ್ಯಾಡ!”

“ದೇವರ ಮುಂದಿಂದ ತಗೀತೀಯೇನ?” ಎಂದಳು ಅಂಬವ್ವ.

ಆಗ ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಅಬ್ದುಲಸಾಬ ನಿಂತಿದ್ದ. ಹೆಗಲ ಮೇಲೆ ಚಹಾದ ಅರಿವೆ, ಕೈಯಲ್ಲೊಂದು ಕಪ್ಪು ಡಬ್ಬಿ.

“ನಾಗರತ್ನಾ ಮೇಡಮ್ಮಾರ, ನನ್ನ ಹೋಟೆಲ್ ಮಸಣದಂಗ ಆಗೇತ್ರಿ. ಒಂದ ನರಮನಷ್ಯಾ ಇಲ್ಲ. ಒಂದ ಬೋಗುಣಿ ಹಾಲ ಕಾಸಿ ಕುಂತೇನಿ. ನನಗೂ ಅದನ್ನ ಹಾಕಿ ಕೊಡ್ರಿ, ನಿಮಗ ಪುಣ್ಯಾ ಬರತೈತಿ. ಡಬ್ಬಿ ನಂದ ಐತಿ, ಅಳಿಯನ ಅಂಗಡ್ಯಾಗ ಬಿದ್ದಿತ್ತು, ತಂದೇನಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮುಖದಲ್ಲಿ ದಾರಿ ಕಂಡ ಬೆಳಕು.

“ಹೋಟೆಲ್‌ಗೆ ನೆಟ್ ಬಂದ್ರ ಗಂಡಸೂರು ಅಲ್ಲೇ ಹೊಕ್ಕಾರ!” ಆಫ್ರೀನ ಚಪ್ಪಾಳೆ ತಟ್ಟಿದಳು.

“ಹೊಕ್ಕಾರ ಮತ್ತ. ಕೇಳಿದಾಗೆಲ್ಲಾ ಚಾ ಅಲ್ಲೇ ಸಿಗತೈತಿ,” ಎಂದಳು ಲಗಮವ್ವ. “ಹಾಕಿ ಕೊಡವಾ ನಮ್ಮವ್ವಾ. ಈಗಿಂದೀಗ ಹಾಕಿ ಕೊಡು.”

ನಾಗರತ್ನಾ ಕಪ್ಪು ಡಬ್ಬಿಯನ್ನು ತಿರುಗಿಸಿ ಹಿಂದಿನ ಚೀಟಿ ಓದಿದಳು. ಬೇರೆ ಕಂಪನಿ, ಬೇರೆ ಚಿಪ್. ಬೆಳಿಗ್ಗೆ ಕಟ್ಟಿದ ಉಂಡೆ ಇದಕ್ಕೆ ನಡೆಯುವುದಿಲ್ಲ. ಸಾವಿರಾರು ಕಡತಗಳನ್ನು ಮತ್ತೆ ಮೊದಲಿನಿಂದ ಅರೆಯಬೇಕು. ಅದು ಮುಗಿಯುವಷ್ಟರಲ್ಲಿ ಆರೂವರೆಯ ಬಸ್ಸೂ ಬಂದಿರುತ್ತದೆ. ನಗಬೇಕೋ ಅಳಬೇಕೋ ತಿಳಿಯದೆ ಅವಳಿಗೆ ನಗುವೇ ಬಂತು. ಲ್ಯಾಪ್‌ಟಾಪು ತೆರೆದು, ವಾಯರು ಚುಚ್ಚಿ, ಸಾಕೆಟ್ಟಿಗೆ ಬೆನ್ನು ಕೊಟ್ಟು ಕೂತಳು. ಪರದೆಯ ಮೇಲೆ ಸಾಲುಗಳು ಹರಿಯತೊಡಗಿದವು.

“ಎಷ್ಟ ಹೊತ್ತ ಹಿಡೀತೈತಿ?” ಅಂಬವ್ವ ಬಗ್ಗಿ ನೋಡಿದಳು.

“ಎರಡ ತಾಸರ ಬೇಕ್ರಿ ಚಿಗವ್ವಾ.”

ಅಂಬವ್ವ ಕಾಲು ಚಾಚಿ ಗೋಡೆಗೆ ಒರಗಿದಳು. ಉಳಿದ ಐದು ಜನ ಸರಿದು ಜಾಗ ಮಾಡಿಕೊಂಡರು. ಅಬ್ದುಲಸಾಬನೂ ಕಾಸಿದ ಹಾಲಿನ ಬೋಗುಣಿ ಇಲ್ಲಿಗೇ ತರುತ್ತೇನೆಂದು ಹೊರಟ.

“ಎರಡ ತಾಸ ಏನ ಮಹಾ,” ಎಂದಳು ಅಂಬವ್ವ. “ಮನಿಗಿ ಹೋಗಿ ಏನ ಮಾಡೂದೈತಿ? ಆಗೂತನಕ ಇಲ್ಲೇ ನಿನ್ನ ಕೂಡ ಕುಂದರತೇವಿ ತಗೋ, ಬ್ಯಾಸರಾದೀತು ನಿನಗೊಬ್ಬಾಕೀಗೆ.”